ನಾಯಿಯನ್ನು ಕಾದವರು

ನಾಯಿ ಸತ್ತು ನಾಲ್ಕು ವರ್ಷವಾದ ಮೇಲೂ ನಮ್ಮ ಬೀದಿಯವರು ಅವರನ್ನು ‘ನಾಯಿ ಅಂಕಲ್’ ಎಂದೇ ಕರೆಯುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡಾಗ ಯುವಕ ಸಂಘದವರು ಮೂಲೆಯ ಕಂಬಕ್ಕೆ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದರು. ಪೂರ್ತಿ ಹೆಸರು ಯಾರಿಗೂ ಗೊತ್ತಿರಲಿಲ್ಲ, ನನ್ನನ್ನು ಬಂದು ಕೇಳಿದರು. ಹೇಳಿದೆ. ಅದನ್ನು ಅಚ್ಚು ಹಾಕಿಸಿ, ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಹುಬ್ಬಳ್ಳಿ’ ಎಂದು ಸೇರಿಸಿದ್ದರು. ಅವರು ಹುಬ್ಬಳ್ಳಿಯವರಲ್ಲ. ಬಾಗಲಕೋಟೆ ಕಡೆ, ಘಟಪ್ರಭಾ ದಂಡೆಯ ಒಂದು ಹಳ್ಳಿಯವರು. ನಮ್ಮವರಿಗೆ ದಾವಣಗೆರೆ ದಾಟಿದರೆ ಎಲ್ಲವೂ ಹುಬ್ಬಳ್ಳಿಯೇ.

ಬದುಕಿದ್ದರೆ ಅದನ್ನು ತಿದ್ದಿಸುತ್ತಿದ್ದರು. ತಪ್ಪು ಕಂಡರೆ ಸುಮ್ಮನಿರುವವರಲ್ಲ, ಅದರಲ್ಲೂ ಅಳತೆಯ ತಪ್ಪು. ನಮ್ಮದು ಯಲಹಂಕದ ಹತ್ತಿರದ ಸಿಂಗಾಪುರ, ಅದರ ಹಳೇ ಊರಿನ ಬೀದಿ. ಸುತ್ತ ಎಷ್ಟು ಲೇಔಟ್ ಬಂದರೂ ನಮ್ಮ ಬೀದಿ ಮೊದಲಿನಷ್ಟೇ ಇಕ್ಕಟ್ಟು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್. ಅವರು ಪಕ್ಕದ ಮನೆಗೆ ಬಾಡಿಗೆಗೆ ಬಂದ ವಾರದಲ್ಲಿ ಒಂದು ದಿನ ಕಿಟಕಿಯ ಹೊರಗೆ ನಿಂತು, ನಾನು ತೂಗುಹಾಕಿದ್ದ ಬ್ಲೌಸನ್ನೇ ನೋಡುತ್ತಿದ್ದರು. ನನಗೆ ಕಸಿವಿಸಿಯಾಯಿತು.

“ತಂಗಿ, ಸಿಟ್ಟಾಗಬ್ಯಾಡ. ಎಡಗಡೆ ತೋಳು ಒಂದು ನೂಲು ಉದ್ದ ಆಗೇತಿ,” ಎಂದರು.

ನೂಲು ಎಂದರೆ ಇಂಚಿನ ಎಂಟರಲ್ಲಿ ಒಂದು ಭಾಗ. ಟೇಪ್ ಹಿಡಿದು ನೋಡಿದೆ. ಸರಿಯಾಗಿ ಒಂದು ನೂಲು ಉದ್ದವಿತ್ತು.

ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಕಾರ್ಖಾನೆ ಮುಚ್ಚಿತ್ತು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ, ಯಾರ ಬಾಗಿಲು ಕಿರುಗುಟ್ಟಿದರೂ ಕರೆಯುವ ಮೊದಲೇ ಬರುತ್ತಿದ್ದರು. ಚಹಾ ಕೊಟ್ಟರೆ ನಿಂತೇ ಕುಡಿದು ಹೋಗುತ್ತಿದ್ದರು. ಜನ ಅವರನ್ನು ಕರೆಯುತ್ತಿದ್ದರೇ ಹೊರತು ಅವರ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಕಾರಣ ಮೋತಿ.

ಮೋತಿ ಕಂದು ಬಣ್ಣದ ದೊಡ್ಡ ನಾಯಿ. ಯಾವ ಜಾತಿಯೋ ಹೇಳುವುದು ಕಷ್ಟ. ಕಿವಿ ಒಂದು ಹರಿದಿತ್ತು. ಅದು ಬೊಗಳುತ್ತಿರಲಿಲ್ಲ, ಅದೇ ಭಯ. ಗೇಟಿನ ಹತ್ತಿರ ಯಾರಾದರೂ ಸುಳಿದರೆ ಸದ್ದಿಲ್ಲದೆ ಬಂದು ಸರಳಿಗೆ ಎದೆ ಹೊಡೆಯುತ್ತಿತ್ತು. ಪೇಪರಿನವನು ಬೀದಿಯ ಆಚೆಯಿಂದ ಎಸೆಯುತ್ತಿದ್ದ. ಗ್ಯಾಸ್ ಸಿಲಿಂಡರ್ ನಮ್ಮ ಮನೆಯಲ್ಲಿ ಇಳಿಯುತ್ತಿತ್ತು. ಅಂಚೆಯೂ ನಮ್ಮಲ್ಲೇ. ಬೀದಿಯ ನಾಲ್ಕು ಜನ ಹೋಗಿ ಹೇಳಿದಾಗ ಅವರು ವಾದ ಮಾಡಲಿಲ್ಲ. ಬೆಳಗಿನ ಐದಕ್ಕೇ, ಜನ ಏಳುವ ಮೊದಲು, ಚರ್ಮದ ಪಟ್ಟಿಯಲ್ಲಿ ತಾವೇ ಹೊಲಿದ ಬಾಯಿಕುಕ್ಕೆ ಹಾಕಿ, ಎರಡು ಹಗ್ಗ ಹಿಡಿದು ಅದನ್ನು ತಿರುಗಾಡಿಸಿ ತರತೊಡಗಿದರು. ಗೇಟಿಗೆ ತಗಡಿನ ಬೋರ್ಡ್ ಹಾಕಿದರು. ಎಲ್ಲರ ಮನೆಯ ಹಾಗೆ ‘ನಾಯಿ ಇದೆ, ಎಚ್ಚರಿಕೆ’ ಎಂದಲ್ಲ. ‘ಈ ನಾಯಿ ಕಚ್ಚುತ್ತದೆ’ ಎಂದು ಬರೆದಿದ್ದರು.

“ಐತಿ ಅಂದ್ರ ಮಂದಿಗೆ ಏನ್ ತಿಳೀತೈತಿ? ಕಚ್ಚತೈತಿ ಅಂದ್ರ ತಿಳೀತೈತಿ,” ಎಂದರು.

ಅದು ನನ್ನನ್ನೇ ಕಚ್ಚಿತು.

ಶಿವರಾತ್ರಿ ಮುಗಿದ ವಾರ, ಮಧ್ಯಾಹ್ನ. ಮದುವೆ ಸೀಸನ್ನಿನ ಬ್ಲೌಸುಗಳನ್ನು ಕೊಟ್ಟು ಬರಲು ಕವರು ಹಿಡಿದು ಹೊರಟಿದ್ದೆ. ಅವರ ಗೇಟು ದಾಟುವಾಗ ಚಿಲಕ ಟಕ್ಕೆಂದದ್ದು ಕೇಳಿಸಿತು. ತಿರುಗುವಷ್ಟರಲ್ಲಿ ನಾಯಿ ನನ್ನ ಬಲಗೈಯನ್ನು ಹಿಡಿದಿತ್ತು. ಹೆಬ್ಬೆರಳಿನ ಬುಡದಲ್ಲಿ. ಕಚ್ಚಿ ಬಿಡಲಿಲ್ಲ, ಹಿಡಿದುಕೊಂಡೇ ಇತ್ತು, ತಲೆ ಒದರುತ್ತಿತ್ತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಒಳಗಿನಿಂದ ಅವರು ಬನಿಯನ್ನಿನಲ್ಲೇ ಓಡಿಬಂದು ಎರಡೂ ಕೈಯಿಂದ ಅದರ ದವಡೆ ಬಿಡಿಸಿದರು. ಅವರ ಬೆರಳೂ ಸೀಳಿತು. ನಾಯಿಯನ್ನು ಒಳಗೆ ತಳ್ಳಿ ಗೇಟಿಗೆ ಸರಪಳಿ ಸುತ್ತಿ, ನನ್ನನ್ನು ನಮ್ಮ ಮನೆಯ ನಲ್ಲಿಯ ಹತ್ತಿರ ಎಳೆದುಕೊಂಡು ಬಂದರು.

ಬಟ್ಟೆ ಸೋಪು ತೆಗೆದುಕೊಂಡು ಗಾಯಕ್ಕೆ ಉಜ್ಜತೊಡಗಿದರು. ನಮ್ಮ ಅತ್ತೆ ಅರಿಸಿನದ ಡಬ್ಬಿ ಹಿಡಿದು ಓಡಿಬಂದರು.

“ಅಯ್ಯೋ ಬುಡಪ್ಪಾ, ಸಾಕು! ಅರಿಸಿನ ಮೆತ್ತಿ ಕಟ್ಬೇಕು. ಇಂಗೆ ನೀರ್ ಬುಟ್ರೆ ರಕ್ತ ಎಲ್ಲಾ ಒಂಟೋಯ್ತದೆ!”

“ಯವ್ವಾ, ಏನೂ ಹಚ್ಚಬ್ಯಾಡ್ರಿ. ಹದಿನೈದು ನಿಮಿಷ ತೊಳೀಬೇಕು. ಇನ್ನಾ ಆರ್ ಆಗೇತಿ.”

ಗೋಡೆಯ ಗಡಿಯಾರ ನೋಡುತ್ತಾ ಉಜ್ಜಿದರು. ನಾನು ನೋವಿಗೆ ಅವರ ಭುಜಕ್ಕೆ ಹೊಡೆದೆ, ಬೈದೆ. ಅವರು ಕೈ ಬಿಡಲಿಲ್ಲ. “ಇನ್ನ ನಾಕು ನಿಮಿಷ ತಂಗಿ. ಇನ್ನ ಮೂರು.” ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು, ತೊಳೆದದ್ದೇ ಅರ್ಧ ಔಷಧ ಎಂದರು.

ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅವರೇ. ಸುದ್ದಿ ತಿಳಿದು ನಮ್ಮನೆಯವರು ನೇರ ಅಲ್ಲಿಗೇ ಬಂದರು. ಅವರು ಸ್ಕೂಲ್ ವ್ಯಾನ್ ಓಡಿಸುತ್ತಾರೆ, ಮಕ್ಕಳನ್ನು ಇಳಿಸಿ ಬರುವಷ್ಟರಲ್ಲಿ ತಡವಾಗಿತ್ತು. ಗಾಯದ ಒಳಗೇ ಸೂಜಿ ಚುಚ್ಚಿ ಔಷಧ ತುಂಬುತ್ತಾರೆ. ಆ ನೋವನ್ನು ಬರೆಯಲಾರೆ. ಡಾಕ್ಟರು, “ನಾಯಿಗೆ ವ್ಯಾಕ್ಸಿನ್ ಆಗಿದೆಯಾ?” ಎಂದು ಕೇಳಿದರು.

ಆಗಿದೆ ಎಂದುಬಿಡಬಹುದಿತ್ತು. ಯಾರು ನೋಡುತ್ತಿದ್ದರು?

“ಪ್ರತಿ ವರ್ಷ ಹಾಕಿಸೀನ್ರಿ. ಈ ಸಲ ಮೂರು ತಿಂಗಳು ದಾಟೇತಿ. ನನ್ನ ಮಣಕಾಲ ಆಪರೇಷನ್ ಆಗಿತ್ತು. ಅದು ನೆವ. ನಾನ ತಪ್ಪಿಸೀನಿ.”

ನಮ್ಮನೆಯವರು ಅವರ ಮೇಲೆ ಏರಿಹೋದರು. ಡಾಕ್ಟರು ನಡುವೆ ಬಂದು ಹೇಳಿದ್ದು ಇಷ್ಟು: ಇಂಜೆಕ್ಷನ್ ಒಂದನ್ನೂ ಬಿಡದೆ ತೆಗೆದುಕೊಳ್ಳಬೇಕು. ಅದರ ಜತೆಗೆ ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಬೇಕು. ಹತ್ತು ದಿನ ಆರೋಗ್ಯವಾಗಿ ಬದುಕಿದ್ದರೆ, ಕಚ್ಚಿದ ದಿನ ಅದಕ್ಕೆ ರೇಬೀಸ್ ಇರಲಿಲ್ಲ ಎಂದು ಅರ್ಥ.

ಸಂಜೆ ನಮ್ಮ ಮನೆಯ ಮುಂದೆ ಬೀದಿಯ ಗಂಡಸರು ಸೇರಿದರು. ಒಬ್ಬ ಕಬ್ಬಿಣದ ಪೈಪನ್ನೇ ಹಿಡಿದು ಬಂದಿದ್ದ. ಅವರು ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು, ಯಾರೂ ಕರೆಯದೆಯೇ ಬಂದು ಮಧ್ಯೆ ನಿಂತರು.

“ಬೈರಿ, ಹೊಡೀರಿ, ನಾ ಏನೂ ಅನ್ನೂದಿಲ್ಲ. ನಾಯಿ ಮಾಡಿದ್ದು ಸಾಕಿದಂವ ಮಾಡಿದಂಗ. ಖರೆ, ಹತ್ತು ದಿನ ಅದನ್ನ ಮುಟ್ಟಬ್ಯಾಡ್ರಿ. ನನ್ನ ಸಲುವಾಗಿ ಅಲ್ಲ, ಈ ತಂಗಿ ಸಲುವಾಗಿ. ಅದು ಬದುಕಿದ್ರ ಈಕಿಗೆ ಧೈರ್ಯ. ಹನ್ನೊಂದನೇ ದಿನ ನೀವು ಏನ್ ಹೇಳ್ತೀರಿ ಅದಕ್ಕ ನಾ ಒಪ್ತೀನಿ.”

ಪೈಪಿನವನು ಗೊಣಗುತ್ತಾ ಹೋದ. ನಮ್ಮನೆಯವರು ಒಳಗೆ ಬಂದು, “ಮುದುಕ ನಾಯಿ ಉಳಿಸ್ಕೊಳ್ಳೋಕೆ ಕಥೆ ಕಟ್ತಾವ್ನೆ,” ಎಂದರು.

“ಡಾಕ್ಟ್ರೂ ಅದನ್ನೇ ಹೇಳಿದ್ರಲ್ರೀ.”

“ಡಾಕ್ಟ್ರು ಹೇಳ್ತಾರೆ. ಕೈ ಹೋಗಿರೋದು ನಿಂದು.”

ಕೈ ನಿಜವಾಗಿಯೂ ಹೋದ ಹಾಗೇ ಇತ್ತು. ಹೆಬ್ಬೆರಳು ಮಡಚುತ್ತಿರಲಿಲ್ಲ. ಗಿರಾಕಿಗಳು ಒಬ್ಬೊಬ್ಬರೇ ಬಂದು, “ಪಾಪ, ರೆಸ್ಟ್ ತಗೊಳ್ಳಿ,” ಎಂದು ಬಟ್ಟೆ ವಾಪಸು ಒಯ್ದರು. ಮಿಷನ್ನಿನ ಮೇಲೆ ಹೊದಿಕೆ ಬಿತ್ತು. ಅತ್ತೆ, ತಮ್ಮ ಕಾಲದಲ್ಲಿ ಪುಟ್ಟೇನಹಳ್ಳಿಯ ಯಾವನೋ ಒಬ್ಬ ನೀರು ಕಂಡರೆ ಕಿರಿಚಿಕೊಂಡು ಸತ್ತ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಕೇಳಿಸಬಾರದೆಂದು ದನಿ ತಗ್ಗಿಸುತ್ತಿದ್ದರು. ಎಲ್ಲವೂ ಕೇಳಿಸುತ್ತಿತ್ತು. ಲೋಟ ಎತ್ತುವಾಗಲೆಲ್ಲ ನಾನು ನನ್ನ ಗಂಟಲನ್ನೇ ಗಮನಿಸುತ್ತಿದ್ದೆ. ನೀರು ಸಲೀಸಾಗಿ ಇಳಿಯಿತೇ? ಇಳಿಯಿತು. ಹಾಗಾದರೆ ಇವತ್ತು ಇಲ್ಲ.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಬೆಳಗಿನ ವರದಿ. ಏಳು ಗಂಟೆಗೆ ಸರಿಯಾಗಿ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಬರುತ್ತಿರಲಿಲ್ಲ.

“ಜೀವಂತ ಐತಿ ತಂಗಿ. ನೀರ ಕುಡದೈತಿ. ಅನ್ನ ತಿಂದೈತಿ. ಕಣ್ಣು ಸ್ವಚ್ಛ ಅದಾವ.”

ಅಷ್ಟೇ. ದಿನವೂ ಅದೇ ನಾಲ್ಕು ಮಾತು, ಅದೇ ಕ್ರಮದಲ್ಲಿ. ಅಂಗಳದಲ್ಲಿ ನಾಯಿಯ ಪಕ್ಕ ಒಂದು ಮಡಚುವ ಮಂಚ ಹಾಕಿಕೊಂಡು ಅಲ್ಲೇ ಮಲಗುತ್ತಿದ್ದರು. ಅಡುಗೆಯನ್ನೂ ಸ್ಟೌ ಹೊರಗೆ ತಂದಿಟ್ಟು ಅಲ್ಲೇ ಮಾಡುತ್ತಿದ್ದರು. ಮೂರನೆಯ ದಿನದ ಇಂಜೆಕ್ಷನ್ನಿಗೂ ಏಳನೆಯ ದಿನದ್ದಕ್ಕೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಟೋ ತಂದರು. ಅವರಿಗೂ ಇಂಜೆಕ್ಷನ್ ಇತ್ತು, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದೆವು. ನಾನು ಅವರ ಜತೆ ಮಾತಾಡುತ್ತಿರಲಿಲ್ಲ, ಸಿಟ್ಟಿತ್ತು. ಆದರೆ ಬೆಳಿಗ್ಗೆ ಆರೂವರೆಯಿಂದಲೇ ಅವರ ಚಪ್ಪಲಿ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ.

ಎಂಟನೆಯ ದಿನ ಏಳಾಯಿತು, ಅವರು ಬರಲಿಲ್ಲ. ಏಳೂಕಾಲಾಯಿತು. ನಾನು ಬಾಗಿಲಿಗೆ ಬಂದು ನಿಂತೆ. ನಮ್ಮನೆಯವರು ಬೀದಿಯಲ್ಲಿ ವ್ಯಾನ್ ತೊಳೆಯುತ್ತಿದ್ದರು. ಹಿಂದಿನ ಸಂಜೆಯಷ್ಟೇ ಅದನ್ನು ತೊಳೆದಿದ್ದರು.

ಏಳೂವರೆಗೆ ಅವರು ಬಂದರು. ತಲೆ ಒದ್ದೆಯಾಗಿತ್ತು, ಒರೆಸಿಕೊಂಡಿರಲಿಲ್ಲ.

“ಮೋತಿ ಸತ್ತೈತಿ, ತಂಗಿ.”

ಬಾಗಿಲ ಚೌಕಟ್ಟು ಹಿಡಿದು ಕೂತುಬಿಟ್ಟೆ. ಅತ್ತೆ ಒಳಗಿನಿಂದ, “ಅಯ್ಯೋ ನಮ್ಮಪ್ಪಾ, ಉಚ್ಚು ನಾಯಿನೇ ಅದು!” ಎಂದು ಕಿರುಚಿದರು.

ಅವರು ನನ್ನೆದುರು ಮೊಣಕಾಲಿನ ನೋವಿನಲ್ಲೂ ಕುಕ್ಕರಗಾಲಲ್ಲಿ ಕೂತರು. “ಕೇಳಿಲ್ಲೆ. ಮುಂಜಾನೆ ಆರಕ್ಕ ಚಲೋ ಇತ್ತು. ನಾ ಜಳಕಕ್ಕ ಹೋದೆ, ಹತ್ತು ನಿಮಿಷ. ಬಂದು ನೋಡ್ತೀನಿ, ಬಾಯಾಗ ನೊರಿ, ಒದ್ದಾಡಾಕತ್ತಿತ್ತು. ಮಗ್ಗಲಕ್ಕ ಮಾಂಸದ ತುಂಡು ಬಿದ್ದಿದ್ವು. ಯಾರೋ ವಿಷ ಹಾಕ್ಯಾರ. ರೋಗದಿಂದ ಸತ್ತದ್ದಲ್ಲ. ಆದ್ರ ನನ್ನ ಮಾತು ನೀ ನಂಬಬ್ಯಾಡ. ನಾ ನಾಯಿ ಮಾಲಕ. ಪರೀಕ್ಷಾ ಮಾಡಸೂಣು,” ಎಂದರು.

ಏಳುವ ಮೊದಲು ಒಂದು ಮಾತು ಕೇಳಿದರು. “ನಿನಗ ಯಾರ ಮ್ಯಾಲರೆ ಅನುಮಾನ ಐತೇನು?”

ಬೀದಿಯಲ್ಲಿ ನೀರಿನ ಸದ್ದು ನಿಂತಿತ್ತು. ನಾನು ಆ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಹಿಂದಿನ ದಿನ ಸೋಮವಾರ, ಮನೆಯಲ್ಲಿ ಯಾರೂ ಮಾಂಸ ತಿನ್ನದ ದಿನ. ಆ ಸಂಜೆ ನಮ್ಮನೆಯವರ ಕೈಯಲ್ಲಿ ಮಾಂಸದಂಗಡಿಯ ಕಪ್ಪು ಕವರು ಕಂಡಿದ್ದೆ. ಏನೆಂದು ಕೇಳಿದಾಗ ವ್ಯಾನಿನ ಸಾಮಾನು ಎಂದಿದ್ದರು.

“ಇಲ್ಲ ಅಂಕಲ್,” ಎಂದೆ.

“ಇರಲಿ. ಈಗ ಅದು ಮುಖ್ಯ ಅಲ್ಲ,” ಎಂದು ಎದ್ದರು.

ರೇಬೀಸ್ ಇತ್ತೋ ಇಲ್ಲವೋ ಎಂದು ಸತ್ತ ನಾಯಿಯ ಮಿದುಳು ಮಾತ್ರ ಹೇಳಬಲ್ಲದು. ಅದನ್ನು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನೋಡುತ್ತಾರೆ ಎಂದು ಯಾರಿಗೋ ಫೋನ್ ಮಾಡಿ ತಿಳಿದುಕೊಂಡರು. ನಾಯಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಗೋಣಿಚೀಲಕ್ಕೆ ಇಳಿಸಿ ಬಾಯಿ ಹೊಲಿದರು. ನಮ್ಮನೆಯವರ ಹತ್ತಿರ ಬಂದು, ವ್ಯಾನಿನಲ್ಲಿ ಒಯ್ಯಬಹುದೇ ಎಂದು ಕೇಳಿದರು.

“ಮಕ್ಕಳು ಕೂರೋ ಗಾಡಿ, ಸಾರ್,” ಎಂದರು ಇವರು, ಚಕ್ರ ಒರೆಸುತ್ತಾ.

“ಹೌದ್ರಿ, ಅದೂ ಖರೆ.”

ಎರಡು ಆಟೋದವರು ಚೀಲದಲ್ಲೇನು ಎಂದು ಕೇಳಿದರು. ಅಂಕಲ್ ಸತ್ತ ನಾಯಿ ಎಂದೇ ಹೇಳಿದರು, ಇಬ್ಬರೂ ಹೊರಟುಹೋದರು. ಕೊನೆಗೆ ಒಂದು ಲಗೇಜ್ ಆಟೋ ಸಿಕ್ಕಿತು. ನಾನೂ ಬರುತ್ತೇನೆ ಎಂದೆ. ಅತ್ತೆ ಕೂಗಾಡಿದರು. ನಮ್ಮನೆಯವರು ಚಕ್ರ ಒರೆಸುತ್ತಲೇ ಇದ್ದರು. ಮನೆಯಲ್ಲಿ ಕೂತು ಕಾಯುವ ಶಕ್ತಿ ನನಗಿರಲಿಲ್ಲ, ಅಷ್ಟೇ. ಡ್ರೈವರಿನ ಪಕ್ಕ ನಾನು ಕೂತೆ. ಅವರು ಹಿಂದೆ, ಚೀಲದ ಜತೆ. ಕೊಡಿಗೇಹಳ್ಳಿ ಗೇಟಿನ ಟ್ರಾಫಿಕ್ಕಿನಲ್ಲಿ ನಿಂತಾಗ ಹಿಂದೆ ತಿರುಗಿ ನೋಡಿದೆ. ಬಿಸಿಲು ಬೀಳದ ಹಾಗೆ ಚೀಲದ ಮೇಲೆ ತಮ್ಮ ಟವೆಲ್ ಹಿಡಿದಿದ್ದರು.

ಅಲ್ಲಿ ಒಬ್ಬ ಡಾಕ್ಟರಮ್ಮ ಎಲ್ಲ ಬರೆದುಕೊಂಡು, “ತಲೆ ಬೇರೆ ಮಾಡಬೇಕಾಗುತ್ತೆ. ನಿಮ್ಮ ಒಪ್ಪಿಗೆ ಇದೆಯಾ?” ಎಂದು ಕೇಳಿದರು.

“ಮಾಡ್ರಿ.” ಸಹಿ ಹಾಕಿದರು. “ಉಳಿದದ್ದು ಕೊಡ್ತೀರೇನ್ರಿ? ಮಣ್ಣು ಮಾಡ್ತೀನಿ.”

“ಇಲ್ಲ, ಕೊಡೋ ಹಾಗಿಲ್ಲ. ನಾವೇ ವಿಲೇವಾರಿ ಮಾಡ್ತೀವಿ.”

ಅಂಕಲ್ ತಲೆಯಾಡಿಸಿದರು. ಹೊರಗೆ ಒಂದು ಹೊಂಗೆ ಮರದ ಕಟ್ಟೆಯ ಮೇಲೆ ಕೂತೆವು. ಒಳಗಿನಿಂದ ಏನೂ ಕೇಳಿಸುತ್ತಿರಲಿಲ್ಲ. ಆದರೂ ಅವರು ಬಾಗಿಲಿಗೆ ಬೆನ್ನು ಹಾಕಿ ಕೂತರು. ನಾನು ಕೇಳದೆಯೇ, ಆ ನಾಯಿ ತಮಗೆ ಹೇಗೆ ಸಿಕ್ಕಿತೆಂದು ಹೇಳಿದರು.

ಅದು ಕಾರ್ಖಾನೆಯ ಗೇಟಿನ ನಾಯಿ. ಮರಿಯಿದ್ದಾಗಲೇ ತಂದು ಕಂಬಕ್ಕೆ ಕಟ್ಟಿದ್ದರಂತೆ. ಸಿಟ್ಟು ಬರಲಿ ಎಂದು ಸೆಕ್ಯುರಿಟಿಯವನು ದಿನಾ ಪೈಪಿನಿಂದ ತಿವಿಯುತ್ತಿದ್ದ, ಅದೇ ಅವನ ಕೆಲಸದ ಭಾಗ. ಕಾರ್ಖಾನೆ ಮುಚ್ಚಿದಾಗ ಮಿಷನ್ನುಗಳನ್ನು ಲಾರಿಗೆ ಹಾಕಿ ಒಯ್ದರು, ಸೆಕ್ಯುರಿಟಿಯವನೂ ಹೋದ. ನಾಲ್ಕು ದಿನದ ಮೇಲೆ ಇವರು ಮರೆತುಬಂದ ಉಪಕರಣದ ಪೆಟ್ಟಿಗೆ ತರಲು ಹೋದರೆ, ನಾಯಿ ಅಲ್ಲೇ ಇತ್ತು. ಸುತ್ತಿ ಸುತ್ತಿ ಸರಪಳಿ ಕಂಬಕ್ಕೆ ಬಿಗಿದು, ಕೂರಲೂ ಜಾಗವಿಲ್ಲದೆ ನಿಂತಿತ್ತು. ಗೋಡೆಯ ಪಾಚಿ ನೆಕ್ಕುತ್ತಿತ್ತು.

“ಬಕೀಟಿನ್ಯಾಗ ನೀರ ಒಯ್ದೆ. ಮೊದಲ ನನ್ನ ಕೈಗೆ ಬಾಯಿ ಹಾಕಿತು, ಆಮ್ಯಾಲ ನೀರಿಗೆ.” ಮೊಣಕೈ ಕೆಳಗಿನ ಹಳೆಯ ಗುರುತು ತೋರಿಸಿದರು. “ಅದರ ತಪ್ಪಲ್ಲ. ಹೊಡದ ಕೈ ಯಾವುದು, ನೀರ ಕೊಟ್ಟ ಕೈ ಯಾವುದು, ಅದಕ್ಕ ಯಾರೂ ಕಲಸಿದ್ದಿಲ್ಲ. ನಾ ಕಲಸ್ತೀನಿ ಅಂತ ತಂದೆ. ಮೂರು ವರ್ಷ ಆತು. ನನ್ನದೊಂದು ಕೈ ಕಲೀತು, ಅಷ್ಟ.”

ನಾನು ನನ್ನ ಗಾಯದ ಕೈ ನೋಡಿಕೊಂಡೆ.

“ಗೇಟಿನ ಚಿಲಕದ ಸ್ಪ್ರಿಂಗ್ ಸಡಲ ಆಗಿದ್ದು ನನಗ ಎಂಟು ದಿನದಿಂದ ಗೊತ್ತಿತ್ತು ತಂಗಿ. ಇಡೀ ಓಣಿ ಚಿಲಕ ರಿಪೇರಿ ಮಾಡಿದೆ. ನನ್ನದು ನಾಳೆ ಮಾಡಿದ್ರಾತು ಅಂದೆ.” ಇದನ್ನು ಹೇಳುವಾಗ ಅವರ ದನಿ ಒಡೆಯಿತು. ನಾಯಿಯ ಬಗ್ಗೆ ಹೇಳುವಾಗ ಒಡೆದಿರಲಿಲ್ಲ.

ಫಲಿತಾಂಶ ಮರುದಿನ ಮಧ್ಯಾಹ್ನ ಬಂತು. ಮತ್ತೆ ಹೆಬ್ಬಾಳಕ್ಕೆ ಹೋಗಿ ತಾವೇ ತಂದರು. ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ನನ್ನೆದುರು ಬೆರಳಿಟ್ಟು ಓದಿದರು. “ನೆಗೆಟಿವ್ ಅಂದ್ರ ಇಲ್ಲ ಅಂತ. ರೋಗ ಇದ್ದಿದ್ದಿಲ್ಲ. ಆದ್ರೂ ಉಳದ ಇಂಜೆಕ್ಷನ್ ಬಿಡಬ್ಯಾಡ.” ನಾನು ಅಂದು ಅತ್ತದ್ದು ಯಾತಕ್ಕೆಂದು ಈಗಲೂ ಸರಿಯಾಗಿ ಹೇಳಲಾರೆ. ಅವರು ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಹೋದರು. ಆ ನಾಯಿಯನ್ನು ಯಾರು ಕೊಂದರೆಂದು ಮತ್ತೆಂದೂ ಕೇಳಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ನಾನು ನಮ್ಮನೆಯವರನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ.

“ನಿಂಗೋಸ್ಕರ ಮಾಡ್ದೆ ಕಣೇ. ದಿನಾ ನಿನ್ನ ಕೈ ನೋಡಿ ನೋಡಿ ತಲೆ ಕೆಟ್ಟೋಗಿತ್ತು.”

“ನಂಗೋಸ್ಕರ ಅದು ಇನ್ನೆರಡು ದಿನ ಬದುಕ್ಬೇಕಿತ್ತು.”

“ಮುದುಕ ಸುಳ್ಳು ಹೇಳ್ತಿದಾನೆ ಅಂದ್ಕೊಂಡೆ.”

“ಡಾಕ್ಟ್ರು?”

ಅವರು ನೆಲ ನೋಡುತ್ತಾ ಕೂತರು. ನಮ್ಮನೆಯವರು ಕೆಟ್ಟವರಲ್ಲ. ಜ್ವರ ಬಂದರೆ ಇಡೀ ರಾತ್ರಿ ನನ್ನ ಪಕ್ಕ ಕೂರುವವರು. ಆದರೆ ಆ ಎಂಟು ದಿನ ನನ್ನ ಜೀವ ಯಾವುದರ ಮೇಲೆ ನಿಂತಿತ್ತೋ ಅದನ್ನೇ ಸಿಟ್ಟಿನಲ್ಲಿ ಕಡಿದುಹಾಕಿದವರೂ ಅವರೇ. ಈ ಎರಡನ್ನೂ ಒಬ್ಬರಲ್ಲೇ ಇಟ್ಟುಕೊಂಡು ನಾನು ಸಂಸಾರ ಮಾಡುತ್ತಾ ಬಂದಿದ್ದೇನೆ. ಮಗ್ಗುಲಲ್ಲಿ ಮಲಗಿದವರ ಕೈ ತಾಗಿದಾಗ ಒಮ್ಮೊಮ್ಮೆ ಕಪ್ಪು ಕವರು ನೆನಪಾಗುತ್ತದೆ. ಅದನ್ನು ನಾನು ಅವರಿಗೆ ಹೇಳಿಲ್ಲ.

ಅಂಕಲ್ ಅಂದಿನಿಂದ ನಮ್ಮನೆಯವರನ್ನು ಮಾತಾಡಿಸಲಿಲ್ಲ. ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ನನ್ನ ಜತೆ ಮಾತ್ರ ಮೊದಲಿನ ಹಾಗೇ ಇದ್ದರು, ಅಥವಾ ಮೊದಲಿಗಿಂತ ಹೆಚ್ಚು. ಹೆಬ್ಬೆರಳು ಅರ್ಧಕ್ಕಷ್ಟೇ ಮಡಚುತ್ತಿದ್ದುದರಿಂದ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಅದನ್ನು ಕೇಳಿ ಪಡೆದು ಒಯ್ದರು. ಹೆಬ್ಬೆರಳಿನ ಹಿಡಿಯನ್ನು ಕತ್ತರಿಸಿ ಅಗಲ ಮಾಡಿ, ನಡುವೆ ಒಂದು ಸ್ಪ್ರಿಂಗ್ ಕೂರಿಸಿ ತಂದರು. ಸರಿಯಾಗಲಿಲ್ಲ. ಮತ್ತೆ ಒಯ್ದರು. ಮೂರನೆಯ ಸಲ ತಂದಾಗ ಅಂಗೈಯಿಂದ ಒತ್ತಿದರೆ ಸಾಕು, ತಾನೇ ತೆರೆದುಕೊಳ್ಳುತ್ತಿತ್ತು. ನಾನು ಒಂದು ತುಂಡು ಬಟ್ಟೆ ಕತ್ತರಿಸಿ ತೋರಿಸಿದೆ. ಅವರು ಅಂಚನ್ನು ಬೆಳಕಿಗೆ ಹಿಡಿದು ನೋಡಿ, “ಅರ್ಧ ನೂಲು ಹೊಯ್ದಾಡೇತಿ. ರೂಢಿ ಆದ್ರ ಹೋಗತೈತಿ,” ಎಂದರು. ರೂಢಿಯಾಯಿತು. ಕೊಕ್ಕೆ ಹಾಕುವುದು, ಕೈಹೊಲಿಗೆ ಮಾತ್ರ ಮತ್ತೆ ಬರಲಿಲ್ಲ. ಅದಕ್ಕೆ ಬೇರೆಯವರನ್ನು ಇಟ್ಟುಕೊಂಡಿದ್ದೇನೆ.

ನಾಯಿ ಹೋದ ಮೇಲೆ ಬೀದಿಯವರು ಧೈರ್ಯವಾಗಿ ಅವರ ಅಂಗಳಕ್ಕೆ ಹೋಗತೊಡಗಿದರು. ಪೇಪರಿನವನು ಕೈಗೇ ಕೊಡುತ್ತಿದ್ದ. ಪೈಪು ಹಿಡಿದು ಬಂದವನೂ ಮಿಕ್ಸಿ ರಿಪೇರಿಗೆ ತಂದ. ಅವರು ಮಾಡಿಕೊಟ್ಟರು. “ಎಲ್ರೂ ಬರ್ತಾರಲ್ಲ ಈಗ, ಒಳ್ಳೇದಾಯ್ತು,” ಎಂದು ನಾನು ಒಮ್ಮೆ ಅಂದೆ.

“ಹೂಂ,” ಎಂದರು. “ಮೊದಲ ನಾಯಿಗೆ ಅಂಜತಿದ್ರು. ಈಗ ನಾ ಯಾರಿಗೆ ಅಂಜಬೇಕಂತ ತಿಳೀವಲ್ದು.”

ಕಳೆದ ಮಳೆಗಾಲದ ಕೊನೆಗೆ ಅವರಿಗೆ ಕೆಮ್ಮು ಹತ್ತಿತು. ಮೂವತ್ತು ವರ್ಷ ಕಬ್ಬಿಣದ ಧೂಳು ಕುಡಿದ ಎದೆ. ಯಲಹಂಕದ ಒಂದು ಆಸ್ಪತ್ರೆಗೆ ಸೇರಿಸಿದೆವು. ಊರಿನಿಂದ ಅವರ ತಂಗಿಯ ಮಗ ಬಂದು ನಿಂತ. ನಾನು ದಿನ ಬಿಟ್ಟು ದಿನ ಗಂಜಿ ಒಯ್ಯುತ್ತಿದ್ದೆ. ಒಂದು ಭಾನುವಾರ ನಮ್ಮನೆಯವರು ತಾವೂ ಬರುತ್ತೇನೆ ಎಂದರು. ಯಾಕೆಂದು ಕೇಳಲಿಲ್ಲ. ಗೊತ್ತಿತ್ತು. ಹಿಂದಿನ ದಿನವೆಲ್ಲ ಅವರು ಊಟ ಮಾಡಿರಲಿಲ್ಲ.

ಅಂಕಲ್ ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ನಳಿಗೆ ಹಾಕಿದ್ದರು. ತಂಗಿಯ ಮಗ ಔಷಧ ತರಲು ಕೆಳಗೆ ಹೋಗಿದ್ದ. ನಮ್ಮನೆಯವರು ಮಂಚದ ಕಾಲಿನ ಕಡೆ ನಿಂತರು. ಕೈ ಮುಗಿದರು.

“ಸಾರ್, ಒಂದು ಮಾತು ಹೇಳ್ಬೇಕು. ಆವತ್ತು ನಿಮ್ಮ ನಾಯಿಗೆ...”

ಅವರು ಕೈ ಎತ್ತಿದರು. ಸೂಜಿ ಚುಚ್ಚಿದ್ದ ಕೈ, ಎತ್ತುವುದೇ ಕಷ್ಟವಾಗಿತ್ತು.

“ಬ್ಯಾಡ್ರಿ.”

“ಇಲ್ಲ ಸಾರ್, ನಾಲ್ಕು ವರ್ಷದಿಂದ...”

“ಬ್ಯಾಡ ಅಂದೆ.” ಉಸಿರು ಸೇರಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದರು. “ಈಗ ಹೇಳಿದ್ರ ನೀವು ಹಗುರ ಆಗಿ ಮನಿಗೆ ಹೊಕ್ಕೀರಿ. ನಾ ಅದನ್ನ ಹೊತ್ಕೊಂಡು ಹೋಗಬೇಕಾಗತೈತಿ. ನನ್ನ ಕೈಲೆ ಆಗೂದಿಲ್ಲ. ನಿಮ್ಮ ಹತ್ರನ ಇರಲಿ.”

ನಮ್ಮನೆಯವರು ಮುಗಿದ ಕೈ ಇಳಿಸಿ ಹೊರಗೆ ಹೋದರು.

ನನಗೂ ಒಂದು ಮಾತು ಹೇಳುವುದಿತ್ತು. ಆ ಬೆಳಿಗ್ಗೆ ಅವರು ಮೊಣಕಾಲು ಮಡಚಿ ನನ್ನೆದುರು ಕೂತು ಕೇಳಿದಾಗ ನಾನು ಇಲ್ಲ ಎಂದಿದ್ದೆ. ನಾಲ್ಕು ವರ್ಷ ಅವರ ಕೈಯಿಂದ ಎಲ್ಲವನ್ನೂ ಪಡೆದುಕೊಂಡು, ಅದನ್ನು ಹೇಳಲು ಒಂದು ಒಳ್ಳೆಯ ದಿನ ಕಾಯುತ್ತಿದ್ದೆ. ನಮ್ಮನೆಯವರಿಗೆ ಕೊಟ್ಟ ಉತ್ತರವನ್ನು ಕೇಳಿದ ಮೇಲೆ ಯಾವ ಬಾಯಿಯಿಂದ ಹೇಳಲಿ? ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಟಿಫಿನ್ ಕ್ಯಾರಿಯರ್ ಬಿಚ್ಚಿದೆ.

“ಗಂಜಿ ಬಿಸಿ ಇದೆ ಅಂಕಲ್.”

“ಕೊಡು ತಂಗಿ,” ಎಂದರು. ಎರಡು ಚಮಚ ಕುಡಿದರು.

ಬುಧವಾರ ಹೋದರು. ತಂಗಿಯ ಮಗ ಊರಿಗೆ ಒಯ್ಯುವ ಮೊದಲು ಒಂದು ಗಂಟೆ ಹೊತ್ತು ನಮ್ಮ ಬೀದಿಯಲ್ಲಿ ಆಂಬುಲೆನ್ಸ್ ನಿಲ್ಲಿಸಿದ. ಎಲ್ಲರೂ ಬಂದರು. ನಮ್ಮನೆಯವರು ದೊಡ್ಡ ಸುಗಂಧರಾಜದ ಹಾರ ತಂದಿದ್ದರು. ಬಾಗಿಲವರೆಗೆ ಹೋದವರು ಒಳಗೆ ಕಾಲಿಡಲಾರದೆ ಹಿಂದೆ ಬಂದು, ಹಾರವನ್ನು ನನ್ನ ಕೈಗೆ ಕೊಟ್ಟರು. ನಾನು ಆಂಬುಲೆನ್ಸ್ ಹತ್ತಿ ಹಾರ ಹಾಕಿದೆ. ಮಗಳಂತೆ ನೋಡಿಕೊಂಡಳು ಎಂದು ಹಿಂದೆ ಯಾರೋ ಹೇಳುತ್ತಿದ್ದರು. ಅದನ್ನು ನಾನು ತಿದ್ದಲಿಲ್ಲ.